ನಾಕನೇ ಗೇರಲ್ಲಿ ಇಲ್ಲ

ಗಾಡಿಕೊಪ್ಪ ದಾಟಿ ಮೂರನೇ ಗೇರಿಗೆ ಬಿದ್ದ ಕೂಡಲೇ
ಓಮ್ನಿಯ ಹೊಟ್ಟೆಯೊಳಗಿಂದ ಅದು ಶುರು.
ಅಳುವಲ್ಲ, ಶಿಳ್ಳೆಯೂ ಅಲ್ಲ,
ಮುಚ್ಚಿದ ಬಾಗಿಲಾಚೆ ಯಾರೋ ಮೂಗಿನಲ್ಲೇ
ಒಂದೇ ಅಕ್ಷರ ಎಳೆದ ಹಾಗೆ.
ಹಿಂದೆ ಟ್ರೇಗಳಲ್ಲಿ ನೂರಿಪ್ಪತ್ತು ಬನ್ನು,
ಆಯನೂರಿನ ಅಂಗಡಿಗಳಿಗೆ ರಸ್ಕು, ಬೆಣ್ಣೆ ಬಿಸ್ಕತ್ತು;
ಅವುಗಳ ಪ್ಲಾಸ್ಟಿಕ್ ಕೂಡ ಅದೇ ಶ್ರುತಿಗೆ ನಡುಗುತ್ತಿತ್ತು.

ಎರಡು ವಾರ ರೇಡಿಯೊ ಜೋರು ಮಾಡಿದೆ.
ಅದೂ ಒಂದು ರಿಪೇರಿಯೇ.

ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸಿನಲ್ಲಿ ದಾದಾಪೀರ್
ಸೀಟು ಎತ್ತಲಿಲ್ಲ, ಸ್ಪ್ಯಾನರ್ ಮುಟ್ಟಲಿಲ್ಲ.
ಕೈ ಒರೆಸಿಕೊಂಡು ಕೇಳಿದ:
"ಹೆಂಗೆ ಅನ್ನುತ್ತೆ? ಬಾಯಲ್ಲಿ ಅನ್ನಿ, ಬನ್ನಕ್ಕ."
ನಲವತ್ತೆಂಟು ವರ್ಷದವಳು ನಾನು
ಮೂವರು ಹುಡುಗರ ಎದುರು, ಗ್ರೀಸಿನ ನೆಲದ ಮೇಲೆ ನಿಂತು
"ಊಂಂಂ" ಎಂದೆ.
"ಅಷ್ಟು ದಪ್ಪ ಇರಲ್ಲ. ತೆಳ್ಳಗೆ ಮಾಡಿ."
"ಕುಂಯ್ಯ್ಯ್..."
"ಹಾಂ."

ಆಮೇಲೆ ಒಂದರ ಬಾಲ ಹಿಡಿದು ಒಂದು:
ನಿಂತಲ್ಲೇ, ನ್ಯೂಟ್ರಲ್ಲಲ್ಲಿ? ಸಣ್ಣಗೆ ಇದೆ.
ಕ್ಲಚ್ ಒತ್ತಿದರೆ? ನಿಲ್ಲುತ್ತೆ.
ನಾಕನೇ ಗೇರಲ್ಲಿ?
ಗೊತ್ತಿಲ್ಲ. ಅಂಗಡಿಯಿಂದ ಅಂಗಡಿಗೆ ಹೋಗುವವಳಿಗೆ
ನಾಕು ಹಾಕುವ ಪುಣ್ಯ ಎಲ್ಲಿಂದ ಬರಬೇಕು?
"ಗೊತ್ತಿಲ್ಲ ಅನ್ನೋದು ಒಳ್ಳೇ ಉತ್ತರ. ನಡೀರಿ."

ನಾನು ಓಡಿಸಿದೆ. ಅವನು ಪಕ್ಕದಲ್ಲಿ ಕೂತು
ಉದ್ದನೆಯ ಸ್ಕ್ರೂಡ್ರೈವರಿನ ತುದಿ ಕಬ್ಬಿಣಕ್ಕೂ
ಹಿಡಿ ತನ್ನ ಹಲ್ಲಿಗೂ ಕೊಟ್ಟು ಕಣ್ಣು ಮುಚ್ಚಿದ.
"ಈಗ ಇದೆಯಾ?" ಇದೆ.
"ಈಗ?" ಇದೆ. "ಈಗ?"
ಇಷ್ಟು ಸಲ ಯಾಕೆ ಕೇಳುತ್ತಾನೆ, ತಾನೇ ಕೇಳಿಸಿಕೊಳ್ಳಬಾರದೇ.

ತ್ಯಾವರೆಕೊಪ್ಪದ ಬಳಿ ನಿಲ್ಲಿಸಿ ಅಂದ. ಇಂಜಿನ್ ಆಫ್.
ಸಂಜೆ. ತೇಗದೆಲೆ ಬೀಳುವ ಸದ್ದು.
ಬೇಲಿಯಾಚೆ ಎಲ್ಲೋ ದೂರದಲ್ಲಿ
ಭಾರದ ಪೆಟ್ಟಿಗೆ ಎಳೆದಂತೆ, ಒಂದು ಸಿಂಹ.
ನನಗಿಂತ ಮೊದಲು ಅವನೇ ತಲೆ ಎತ್ತಿದ.
"ಸಿಂಹ ಕೇಳುತ್ತೆ ನಂಗೆ. ಸೊಳ್ಳೆ ಕೇಳಲ್ಲ.
ಕುಕ್ಕರ್ ಕೇಳಲ್ಲ. ನಿಮ್ಮ ಗಾಡಿದೂ ಕೇಳಲ್ಲ.
ಮೂವತ್ತೊಂದು ವರ್ಷ ಇವಕ್ಕೇ ಕಿವಿ ಕೊಟ್ಟಿದ್ದು.
ಕೊಟ್ಟಿದ್ದು ವಾಪಸ್ ಬರಲಿಲ್ಲ.
ಹುಡುಗರಿಗೆ ಹೇಳ್ಬೇಡಿ."

ಮತ್ತೆ ಹೊರಟೆವು. ನಾಕು ಹಾಕಿದೆ.
ಟೈರಿನ ಸದ್ದು, ಗಾಳಿ, ಟ್ರೇ ಟ್ರೇಗೆ ತಾಗುವ ಟಕ ಟಕ.
"ಇಲ್ಲ!" ಎಂದು ಕೂಗಿಬಿಟ್ಟೆ, ಕಳೆದ ಓಲೆ ಸಿಕ್ಕವಳಂತೆ.
ಅವನು ಹಲ್ಲಿನಿಂದ ಸ್ಕ್ರೂಡ್ರೈವರ್ ತೆಗೆದ.
"ಹಿಂದಿನ ಕ್ರೌನ್ ಆಗಿದ್ರೆ ನಾಕರಲ್ಲೂ ಬಿಡ್ತಿರಲಿಲ್ಲ.
ಒಂದು, ಎರಡು, ಮೂರಲ್ಲಿ ಭಾರ ಕೆಳಗಿನ ಶಾಫ್ಟಿಗಿಳಿದು
ಮತ್ತೆ ಮೇಲೆ ಹತ್ತಬೇಕು. ನಾಕರಲ್ಲಿ ನೇರ.
ಕೆಳಗಿನವನು ಬರೀ ಸುತ್ತುತಾನೆ, ಹೊರಲ್ಲ.
ಅವನ ಬೇರಿಂಗೇ ಹೋಗಿರೋದು."
ನನಗೆ ಅರ್ಥವಾದದ್ದು ಅರ್ಧ.

ಎರಡು ದಿನ ಬನ್ನು ಆಟೋದಲ್ಲಿ ಹೋದವು, ಒಂದಷ್ಟು ಅಪ್ಪಚ್ಚಿಯಾಗಿ.
ಮೂರನೆಯ ದಿನ ಕತ್ತರಿಸಿದ ಕ್ಯಾನಿನ ಕಪ್ಪು ಆಯಿಲಿನಲ್ಲಿ
ಬೆರಳದ್ದಿ ಬಿಸಿಲಿಗೆ ಹಿಡಿದ: ಬೆಳ್ಳಿಯ ಪುಡಿ,
ರಸ್ಕಿನ ಮೇಲೆ ಸಕ್ಕರೆ ಮಿಂಚಿದಂತೆ.
ಹಳೇ ಬೇರಿಂಗನ್ನು ಹೆಬ್ಬೆರಳ ಮೇಲೆ ತಿರುಗಿಸಿ ನಿಂತ,
ತಿರುಗಿಸಿದ, ಇನ್ನೊಮ್ಮೆ ತಿರುಗಿಸಿದ.
"ಈಗ ಕೇಳ್ತು."

ಈಗ ಮೂರನೇ ಗೇರು ಮೌನ. ರೇಡಿಯೊ ಹಾಕುವುದಿಲ್ಲ.
ಎಡಗಡೆ ಹಿಂದಿನ ಚಕ್ರದಲ್ಲಿ, ತಿರುವಿನಲ್ಲಿ ಮಾತ್ರ,
ಮೊನ್ನೆಯಿಂದ ಏನೋ ಸಣ್ಣಗೆ.
ಮರೆಯಬಾರದೆಂದು ದಾರಿಯುದ್ದಕ್ಕೂ ಬಾಯಲ್ಲಿ ಇಟ್ಟುಕೊಂಡು ಬಂದೆ:
ಟ್ಸಿಕ್... ಟ್ಸಿಕ್... ಟ್ಸಿಕ್...
ಸಿಗ್ನಲ್ಲಿನಲ್ಲಿ ಸ್ಕೂಟರಿನವನೊಬ್ಬ
ಹೆಲ್ಮೆಟ್ ಎತ್ತಿ ನನ್ನನ್ನೇ ನೋಡಿದ.