ಒಂದು ನಿಮಿಷ ಎಂಟು ಸೆಕೆಂಡು

ಹಾಡು ನನ್ನ ಕೈಗೆ ಬಂದಾಗ ನಾಲ್ಕು ನಿಮಿಷ ಎಂಟು ಸೆಕೆಂಡು.
ಸ್ಪರ್ಧೆಯ ನಿಯಮ ಮೂರೇ ನಿಮಿಷ.
ಇಡೀ ಅಲ್ಬೇನಿಯಾ ಅಷ್ಟರಲ್ಲಿ ಹಿಡಿಯಬೇಕು,
ಪೆಲುಂಬ್, ನಿನ್ನ ಕೈ ಹಗುರ,
ನೀನೇ ಕತ್ತರಿಸು ಅಂದರು.

ಕೈ ಹಗುರವೇನೋ ನಿಜ.
ತಿರಾನಾದ ರೇಡಿಯೋದಲ್ಲಿ ಹತ್ತೊಂಬತ್ತಕ್ಕೇ
ಬ್ಲೇಡು ಹಿಡಿದು ಕೂತವನು ನಾನು,
ಕಂದು ಟೇಪು ಹಾರದ ಹಾಗೆ ಕೊರಳಿಗಿಳಿಬಿಟ್ಟು.
'ದೇವರೇ' ಅಂದರೆ ಕತ್ತರಿ,
'ಕಡಲಾಚೆ' ಅಂದರೆ ಕತ್ತರಿ,
ಒಬ್ಬಳು ಸುಮ್ಮನೆ ನಿಟ್ಟುಸಿರಿಟ್ಟಿದ್ದಳು,
ಸುಖೀ ನಾಡಿನಲ್ಲಿ ನಿಟ್ಟುಸಿರಿಗೇನು ಕೆಲಸ
ಅಂದರು ಮೇಲಿನವರು, ಅದಕ್ಕೂ.
ಚೂರುಗಳನ್ನೆಲ್ಲ ಸುಡಬೇಕೆಂದು ಅಪ್ಪಣೆ.
ಜೇಬಲ್ಲಿ ತಂದೆ. ಅಮ್ಮ ಅದರಲ್ಲಿ
ಬಾಲ್ಕನಿಯ ಟೊಮೇಟೊ ಗಿಡಗಳನ್ನು ಕೋಲಿಗೆ ಕಟ್ಟಿದಳು.
ಗಾಳಿ ಬಂದರೆ ಗುಂಯ್ ಅನ್ನುತ್ತಿದ್ದವು.
ಆ ವರ್ಷ ಹಣ್ಣು ಚೆನ್ನಾಗಿಯೇ ಬಿಟ್ಟಿತ್ತು.

ಈಗ ಬ್ಲೇಡಿಲ್ಲ. ಪಕ್ಷವಿಲ್ಲ. ಹೆದರಿಕೆಯೂ ಇಲ್ಲ.
ಪರದೆಯ ಮೇಲೆ ಹಾಡು ಮಲಗಿದೆ
ತಿಂದು ಬಿಟ್ಟ ಮೀನಿನ ಮುಳ್ಳಿನ ಹಾಗೆ.
ಶುರುವಿನ ಕೊಳಲು ತೆಗೆದೆ, ಹದಿನಾಲ್ಕು ಸೆಕೆಂಡು.
ಮೂರನೇ ಸಲದ ಪಲ್ಲವಿ, ಹನ್ನೊಂದು.
ಸಾಲು ಸಾಲಿನ ನಡುವೆ ಉಸಿರಾಡುವ ಜಾಗಗಳನ್ನು
ಹೇನು ಹೆಕ್ಕಿದ ಹಾಗೆ ಹೆಕ್ಕಿದೆ, ಎಲ್ಲ ಸೇರಿ ನಾಲ್ಕು.
ಉಸಿರು ಎಲ್ಲಿ ತಗೊಳ್ಳಲಿ? ಕೇಳಿದಳು ವೆಸಾ.
ಕುಣಿಯುವಾಗ ತಗೋ, ಅಂದ ಕುಣಿತ ಕಲಿಸುವವನು.

ಇನ್ನು ಉಳಿದದ್ದು ಮೂವತ್ತೊಂಬತ್ತು.
ಕೊನೆಯ ಚರಣದ ಅಳತೆ ಸರಿಯಾಗಿ ಅಷ್ಟೇ.

ಅದು ದ್ರಿನ್ ನದಿಯ ದೋಣಿಯ ಹಾಡು.
ಕಾಸಿಲ್ಲದ ಹುಡುಗಿ ಕತ್ತಲಲ್ಲಿ ಹತ್ತುತ್ತಾಳೆ.
ನಡು ಹೊಳೆಯಲ್ಲಿ ಅಂಬಿಗ ಹುಟ್ಟು ಎತ್ತಿಟ್ಟು
ಕಾಸು ಬೇಡ, ಹೆಸರು ಹೇಳು ಅನ್ನುತ್ತಾನೆ, ಕೊನೆಯ ಚರಣದಲ್ಲಿ.
ಹಾಡುವವಳು ಅಲ್ಲಿ ತನ್ನ ಹೆಸರು ಹೇಳಬೇಕು.
ಹೇಳಿದರೆ ದಡ.

ನಡುನೀರಿನಲ್ಲಿ ಕೈಬಿಟ್ಟೆ.
ಗಾದೆಗೆ ಹೇಳಿದ್ದಲ್ಲ, ಲೆಕ್ಕಕ್ಕೆ ಹೇಳಿದ್ದು.

ಆ ರಾತ್ರಿ ಶ್ಕೋಡ್ರದ ಕಾಫಿ ಅಂಗಡಿಯಲ್ಲಿ
ನಿಲ್ಲಲು ಜಾಗವಿಲ್ಲ, ಗೋಡೆಯಷ್ಟಗಲ ಪರದೆ.
ಉತ್ತರದ ಯಾವುದೋ ಊರಿನ ವೇದಿಕೆಯಲ್ಲಿ
ನಮ್ಮ ಹುಡುಗಿ ಬೆಳ್ಳಿ ಅಂಗಿ ತೊಟ್ಟು
ಹೊಗೆಯಲ್ಲಿ ನಿಂತಿದ್ದಾಳೆ. ಅಕ್ಕಪಕ್ಕ ಬೆಂಕಿ ಚಿಮ್ಮುತ್ತಿದೆ.
ಹೊಳೆಯ ಹಾಡಿಗೆ ಬೆಂಕಿ ಯಾಕೋ.
ಮೂರು ನಿಮಿಷ. ಒಂದು ರೆಪ್ಪೆ ಆಚೀಚೆ ಇಲ್ಲ.
ಮೇಜು ಗುದ್ದಿದರು, ಸಿಳ್ಳೆ ಹೊಡೆದರು, ಬಿಯರು ಚೆಲ್ಲಿತು,
ಪರದೆಗೆ ಆಗಲೇ ಮುಂದಿನ ದೇಶದ ಬೆಟ್ಟ ಬಂದಿತ್ತು.

ಮೂಲೆಯಲ್ಲಿ ದ್ರಾನೆ. ವೆಸಾಳ ತಾಯಿ.
ಹೋಟೆಲಿನ ಹಾಸಿಗೆ ಬಟ್ಟೆ ಒಗೆಯುವವಳು,
ಕೈ ಸೋಡಾಕ್ಕೆ ಬಿಳಿಚಿದೆ.
ಅವಳ ತುಟಿ ಇನ್ನೂ ನಿಂತಿರಲಿಲ್ಲ.
ಆ ಗದ್ದಲದಲ್ಲಿ ಯಾರಿಗೂ ಕೇಳುವಂತಿರಲಿಲ್ಲ,
ನನಗೆ ಮಾತ್ರ ಗೊತ್ತು ಅವಳು ಎಲ್ಲಿದ್ದಾಳೆಂದು,
ಎಷ್ಟನೇ ಸೆಕೆಂಡಿನಲ್ಲಿ ಹುಟ್ಟು ಏಳುತ್ತದೆಂದು.
ಮುಗಿಸಿ, ಉಂಡವಳ ಹಾಗೆ ಬಾಯೊರೆಸಿಕೊಂಡು
ಪಕ್ಕದಲ್ಲಿದ್ದ ನನ್ನ ಕಡೆ, ಗುರುತಿಲ್ಲದವನ ಕಡೆ ತಿರುಗಿದಳು:
ಯಾರೋ ಪುಣ್ಯಾತ್ಮ ದೋಣೀನ ಅಲ್ಲೇ ಬಿಟ್ಟುಬಿಟ್ಟಿದ್ದಾನೆ.
ಮೂರು ನಿಮಿಷದ ನಿಯಮವಂತೆ, ಅಂದೆ.
ಇದ್ದೀತು, ಅಂದಳು. ಅವರೂರಲ್ಲಿ ಸೇತುವೆ ಇದ್ದೀತು.

ಹತ್ತೊಂಬತ್ತನೇ ಜಾಗ ಬಂತು.
ಪಕ್ಕದ ದೇಶ ಹನ್ನೆರಡು ಅಂಕ ಕೊಟ್ಟಿತು,
ಮದುವೆಗೆ ಮುಯ್ಯಿ ಬರೆಸಿದ ಹಾಗೆ.

ಮನೆಗೆ ಬಂದು ಆ ಚೂರನ್ನು ಹುಡುಕಿ ತೆಗೆದೆ.
ಈಗಿನ ಚೂರಿಗೆ ಮೈಯಿಲ್ಲ, ಗಿಡಕ್ಕೆ ಕಟ್ಟಲು ಬರುವುದಿಲ್ಲ.
ಹಚ್ಚಿದೆ. ಅಂಬಿಗ ಕೇಳುತ್ತಾನೆ,
ಹುಡುಗಿ ಹೆಸರು ಹೇಳುವ ಮೊದಲು
ಉದ್ದಕ್ಕೆ ಒಂದು ಉಸಿರೆಳೆದುಕೊಳ್ಳುತ್ತಾಳೆ.

ಅದೊಂದನ್ನು ನಾನು ಹೆಕ್ಕಿರಲಿಲ್ಲ.
ಇಡೀ ಚರಣವೇ ಹೋಗುವಾಗ
ಒಳಗಿನ ಉಸಿರನ್ನು ಯಾರು ಎಣಿಸುತ್ತಾರೆ.