ಕಾರಣ ಎಂಬ ಖಾನೆ

ವಾಡಿ ಜಂಕ್ಷನ್ನಿನ ವಿಶ್ರಾಂತಿಗೃಹದಲ್ಲಿ
ಮೂರು ದಿನ ನನ್ನ ಕೆಲಸ ಇಷ್ಟೇ:
ಸಾಕ್ಷಿಗಳ ಮಾತನ್ನು ಸಾಹೇಬರ ಇಂಗ್ಲಿಷಿಗೆ ದಾಟಿಸುವುದು.
ದಿನಕ್ಕೆ ಆರುನೂರು ರೂಪಾಯಿ, ಮಧ್ಯಾಹ್ನದ ಊಟ.
ಕಿಟಕಿಯಾಚೆ ಬೇವಿನೆಲೆಗಳ ಮೇಲೆ ಸಿಮೆಂಟಿನ ಧೂಳು.
ಅದನ್ನು ಯಾರೂ ಒರೆಸುವುದಿಲ್ಲ,
ಮಳೆಯೇ ಬರಬೇಕು.

ಮೊದಲು ಬಂದವಳು ನಾಲವಾರದ ಚಂದಮ್ಮ.
ರೊಟ್ಟಿಗಂಟು ಹೊತ್ತು ದಿನಾ ಅದೇ ಗಾಡಿ, ಅದೇ ಬಾಗಿಲು,
ಯಾದಗಿರಿಯ ಖಾನಾವಳಿಗೆ.
"ಕಟಕ್ ರೊಟ್ಟಿ ಮುರದಂಗ ಸಪ್ಪಳಾತ್ರಿ,
ಆಮ್ಯಾಲ ಏನೂ ಕೇಳಸ್ಲಿಲ್ಲ."
ನಾನು ಬರೆದೆ: ಭಾರೀ ಶಬ್ದ.
ಬರೆದ ಮೇಲೆ ಪೆನ್ನು ಕೆಳಗಿಟ್ಟೆ.
ಭಾರೀ ಅಂತ ಅವಳು ಹೇಳಿರಲೇ ಇಲ್ಲ.

ಚಾಲಕ ಉಳಿದಿಲ್ಲ. ಅವನ ಸಹಾಯಕ,
ಮೀಸೆ ಇನ್ನೂ ಸರಿಯಾಗಿ ಬಲಿಯದ ಹುಡುಗ,
ಕೈಗೆ ಪಟ್ಟಿ ಕಟ್ಟಿಕೊಂಡೇ ನಿಂತು ಹೇಳಿದ:
ಸಿಗ್ನಲ್ ಕಂಡ ಕೂಡಲೇ ಇಬ್ಬರೂ ಬಣ್ಣ ಕೂಗಬೇಕು,
ಅದು ನಿಯಮ.
"ಹಸರು ಅಂದ್ಯಾ. ಅವರೂ ಹಸರು ಅಂದ್ರು."
ಎಷ್ಟು ಸಲ ಕೇಳಿದರೂ ಅಷ್ಟೇ.
ಹಸರು. ಹಸರು.
ಸುಣ್ಣದಹಳ್ಳಿಯಲ್ಲಿ ಆ ಗಾಡಿ ನಿಲ್ಲುವುದನ್ನು ಬಿಟ್ಟು ಎರಡು ವರ್ಷ.
ಲೂಪ್ ಲೈನಿನಲ್ಲಿ ಸಿಮೆಂಟ್ ಹೊತ್ತ ಗೂಡ್ಸು
ರಾತ್ರಿಯಿಂದ ತೂಕಡಿಸುತ್ತ ನಿಂತಿತ್ತು.

ಸ್ಟೇಷನ್ ಮಾಸ್ತರ ರುಕ್ಮೊದ್ದೀನ್ ಟೋಪಿ ತೆಗೆದು ಮಡಿಲಲ್ಲಿಟ್ಟುಕೊಂಡರು.
ರಿಲೇ ಕೋಣೆಗೆ ಎರಡು ಬೀಗ.
ಒಂದು ಕೀಲಿ ಇವರ ಹತ್ತಿರ ಇರಬೇಕು,
ಇನ್ನೊಂದು ಸಿಗ್ನಲ್ಲಿನವನ ಹತ್ತಿರ.
ಎರಡೂ ನೇತಾಡುತ್ತಿದ್ದುದು ಒಂದೇ ಮೊಳೆಗೆ,
ಹಳೇ ಕ್ಯಾಲೆಂಡರಿನ ಹಿಂದೆ.
ಯಾಕೆ?
"ಅಂವಾ ಮೂರು ಸ್ಟೇಷನ್ ತಿರಗಾಂವ್ರಿ.
ಕೀಲಿನೂ ಅವನ ಸಂಗಾಟ ತಿರಗಿದ್ರ
ಗಾಡಿ ಎಲ್ಲಾ ನಿಂತಬಿಡ್ತಾವ."

ಆ ಸಿಗ್ನಲ್ಲಿನವನು ದೇವಿಂದ್ರಪ್ಪ.
ಮೂವರ ಜಾಗಕ್ಕೆ ಒಬ್ಬ. ನಿದ್ದೆಯಿಲ್ಲದೆ ಇಪ್ಪತ್ತೊಂದು ತಾಸು.
ಜೆಸಿಬಿ ಕಿತ್ತ ಕೇಬಲ್ಲಿಗಾಗಿ ಕತ್ತಲಲ್ಲಿ
ಮೊಬೈಲನ್ನು ಹಲ್ಲಿನಲ್ಲಿ ಕಚ್ಚಿ ಬೆಳಕು ಹಿಡಿದವನು.
ಹತ್ತು ನಿಮಿಷಕ್ಕೊಮ್ಮೆ ಫೋನು:
ಇನ್ನೂ ಎಷ್ಟು ಹೊತ್ತು? ಹಿಂದೆ ಐದು ಗಾಡಿ ನಿಂತಾವ.
ಚೀಟಿ ಆಮೇಲೆ ಬರೆದರಾಯಿತು ಎಂದು
ಗೇಣುದ್ದದ ತಂತಿಯೊಂದನ್ನು ಎರಡು ತುದಿಗೆ ಸಿಕ್ಕಿಸಿದ.
ಹಳಿ ಲೂಪಿಗೆ ತೆರೆದೇ ಇತ್ತು.
ತಂತಿ ಮಾತ್ರ, ನೇರ ಇದೆ, ನೇರ ಇದೆ, ಎಂದು ಹೇಳುತ್ತಲೇ ಇತ್ತು.
ಅವನು ತಲೆಯೆತ್ತಲಿಲ್ಲ.
"ತಗಿಬೇಕಂತನೇ ಇದ್ದೆ ಸಾಹೇಬ್ರ" ಎಂದ.
'ಇದ್ದೆ'ಯನ್ನು ಎಷ್ಟು ಹೊತ್ತು ಹುಡುಕಿದೆನೋ.

ಫೋನಿನ ಆ ದನಿಯನ್ನು ಯಾರೂ ಸಾಕ್ಷಿಗೆ ಕರೆಯಲಿಲ್ಲ.
ಖಾಲಿ ಬಿದ್ದ ಎರಡು ಹುದ್ದೆಗಳನ್ನು
ಕರೆಯುವುದಾದರೂ ಹೇಗೆ?
ತಂತಿ ಬಂದಿತ್ತು, ಪ್ಲಾಸ್ಟಿಕ್ ಚೀಲದಲ್ಲಿ,
ಕೊರಳಿಗೆ ನಂಬರು ಕಟ್ಟಿಸಿಕೊಂಡು.
ಕೆಂಪು ಬಣ್ಣದ್ದು.

ಮೂರನೆಯ ಸಂಜೆ ಅರ್ಜಿಯ ಕೊನೆಯ ಖಾನೆ ತುಂಬಿತು.
ಸತ್ತವರು: ಮೂವತ್ತೊಂದು. ಕಾರಣ: ಎರಡೇ ಪದ.
ನೋಟೀಸಿಗೆ ಅಂಟಿಸಲು ಕನ್ನಡ ಮಾಡಿ ಅಂದರು.
ಮಾನವ ದೋಷ, ಎಂದು ಬರೆದೆ.
ನಮ್ಮ ಕಡೆ ದೋಷ ಅಂದರೆ ಗ್ರಹದ್ದು, ದೃಷ್ಟಿಯದು,
ಶಾಂತಿ ಮಾಡಿಸಿದರೆ ಬಿಟ್ಟುಹೋಗುವಂಥದು.
ಹೊಡೆದು ಹಾಕಿ, ತಪ್ಪು ಎಂದು ಬರೆದೆ.
ಯಾರ ತಪ್ಪು ಎಂದು ಮನಸ್ಸು ಕೇಳಿತು.
ಮತ್ತೆ ದೋಷವೆಂದೇ ತಿದ್ದಿದೆ.
ಮೆಟ್ಟಿಲಿನಲ್ಲಿ ಚಂದಮ್ಮ ಇನ್ನೂ ಕೂತಿದ್ದಳು:
"ನನ್ನ ಗಂಟಿನ ಅರಿವಿ ಯಾರ ಹತ್ರ ಅದರಿ?
ಹೊಸಾದಿತ್ತು."

ರಾತ್ರಿ ಕಲಬುರಗಿಗೆ ವಾಪಸು.
ಶಹಾಬಾದಿನ ಹೊರಗೆ ಗಾಡಿ ನಿಂತಿತು, ಕೆಂಪು ದೀಪ.
ಕಲ್ಲುಹಾಸಿನ ರಾಶಿಗಳ ಮೇಲೆ ಚೂರು ಬೆಳದಿಂಗಳು.
ಹತ್ತು ನಿಮಿಷ. ಇಪ್ಪತ್ತು.
"ಸುಮ್ ಸುಮ್ನೆ ನಿಲ್ಲಿಸ್ಯಾರ" ಎಂದು ಎದುರಿನವನು ಬೈದ.
ಅದಕ್ಕೂ ಮೊದಲೇ
ಗಡಿಯಾರ ನೋಡಿ ಹಲ್ಲು ಕಡಿದವನು
ನಾನು.