ಗ್ರಾಂ ಲೆಕ್ಕ

ಹತ್ತೊಂಬತ್ತು ವರ್ಷ ಗ್ರಿಮ್ಸ್‌ಬಿಯ ಅಂಚೆ ಕೌಂಟರಿನಲ್ಲಿ
ಊರವರ ಪ್ರೀತಿಯನ್ನೂ ಜಗಳವನ್ನೂ ತೂಗಿದವಳು ನಾನು.
ಕೈಗಿಟ್ಟರೆ ಸಾಕು, ಹೇಳುತ್ತಿದ್ದೆ:
ನೂರಕ್ಕೆ ಎರಡು ಗ್ರಾಂ ಹೆಚ್ಚಿದೆ,
ಟೇಪು ಚೂರು ಕತ್ತರಿಸಿ, ದುಡ್ಡು ಉಳಿಯುತ್ತದೆ.

ಈಗ ಹಲ್ಲುಜ್ಜುವ ಬ್ರಷ್ಷೇ ಎತ್ತಲಾಗದು.

ಡಾಕ್ಟರ್ ಅಡೆಯೆಮಿ ಒಂದೊಂದೇ ಹರಡಿದರು,
ಸೀರೆ ಅಂಗಡಿಯವನು ಮಡಿಕೆ ಬಿಚ್ಚಿದ ಹಾಗೆ:
ಐದನೆಯ ಮಾತ್ರೆ, ನಾಲ್ಕು ಸೋತ ಮೇಲೆ.
ಲಿಥಿಯಂ, ಅದಕ್ಕೆ ಆಗಾಗ ರಕ್ತ ಕೊಡಬೇಕು,
ಕಿಡ್ನಿಯ ಮೇಲೊಂದು ಕಣ್ಣಿಡಬೇಕು.
ಅಯಸ್ಕಾಂತ: ಆರು ವಾರ, ದಿನಾ, ಹಂಬರ್ ಸೇತುವೆ ದಾಟಿ
(ಹಾಸಿಗೆಯ ಅಂಚು ದಾಟಲಾರದವಳು ನಾನು).
ಕೆಟಮಿನ್, ಅದೂ ಖಾಸಗಿಯಾಗಿ;
ಬೆಲೆ ಕೇಳಿ ನಗು ಬರಬೇಕಿತ್ತು, ಬರಲಿಲ್ಲ.
ಕೊನೆಗೆ, ಇನ್ನೂ ಒಂದಿದೆ ಅಂದರು, ದನಿ ತಗ್ಗಿಸದೆ.
ತಗ್ಗಿಸದ್ದು ನನಗೆ ಹಿಡಿಸಿತು.

ಶಾಕು.
ದಾವಣಗೆರೆಯ ಟಾಕೀಸಿನಲ್ಲಿ ಕಂಡದ್ದು,
ನಾಯಕಿಯ ಕೈಕಾಲು ಕಟ್ಟಿ, ಕಿರುಚಾಟ, ಮಿಣುಕುವ ದೀಪ.
ಹಾಗಲ್ಲ, ಅಂದರು. ನಿದ್ದೆ ಬರಿಸುತ್ತೇವೆ,
ಸ್ನಾಯು ಸಡಿಲಿಸುತ್ತೇವೆ, ಹಲ್ಲಿಗೊಂದು ರಬ್ಬರು,
ಕಾಲ್ಬೆರಳು ತುಸು ಅದುರಿದರೆ ಹೆಚ್ಚು.
ಆಮೇಲೆ ಟೀ, ಟೋಸ್ಟು.
ವಾರಕ್ಕೆರಡು. ಎಂಟೋ, ಹನ್ನೆರಡೋ.
ಮತ್ತೆ?
ಮತ್ತೆ, ನೆನಪು.
ಈಚಿನವು ಕೆಲವು ಹೋಗಬಹುದು.
ಬಹಳಷ್ಟು ಮರಳಬಹುದು. ಕೆಲವು ಮರಳದಿರಬಹುದು.
ಈ 'ಬಹುದು' ಎಷ್ಟು ಗ್ರಾಂ, ಡಾಕ್ಟರ್?
ಅದಕ್ಕೆ ಅವರ ಬಳಿ ಬಟ್ಟುಗಳಿಲ್ಲ. ಒಪ್ಪಿಕೊಂಡರು.

ಅಕ್ಕ ಚಂಪಕ ಫೋನಿನಲ್ಲಿ, ಬ್ಯಾಡ ಕಣೇ, ತಲೆಗೆ ಕರೆಂಟಾ!
ಇಲ್ಲಿ ಬಂದು ನಾಲ್ಕು ದಿನ ಇರು, ಸರಿಹೋಗ್ತೀಯ.
ಹೋಗಿದ್ದೆನಲ್ಲ, ಹೋದ ದೀಪಾವಳಿಗೆ.
ಅವಳ ಒಬ್ಬಟ್ಟು ಬಾಯಲ್ಲಿ ರಟ್ಟಾಗಿತ್ತು;
ಹೇಳದೆ ಇನ್ನೆರಡು ಹಾಕಿಸಿಕೊಂಡೆ.

ಮೀನು ಕಾರ್ಖಾನೆಯ ಮಾರೀನ್
ಹನ್ನೊಂದು ಸಲ ಮಾಡಿಸಿಕೊಂಡವಳು.
ಮೊಮ್ಮಗನ ನಾಮಕರಣದ ಫೋಟೋ ತೋರಿಸಿದಳು:
ಈ ಟೋಪಿ ನಂದೇ ಅಂತೆ,
ಇಂಥದ್ದನ್ನು ಯಾಕೆ ಕೊಂಡೆನೋ ದೇವರೇ ಬಲ್ಲ.
ನಕ್ಕಳು. ನಗು ನಿಂತ ಮೇಲೂ ಫೋಟೋ ಕೆಳಗಿಡಲಿಲ್ಲ.
ಆ ದಿನ ಹೋಯಿತು, ಅಂದಳು, ಹುಡುಗ ಇದ್ದಾನೆ.
ಸ್ವಲ್ಪ ತಡೆದು, ನಾನೂ.

ಹಾವೂ ಸಾಯಬೇಕು, ಕೋಲೂ ಮುರಿಯಬಾರದು
ಅನ್ನುತ್ತಾರೆ ನಮ್ಮ ಕಡೆ.
ಕೋಲು ನಾನೇ ಆದಾಗ?

ಕೇಳಿ ಕೊಡುವಂತಿದ್ದರೆ ಕೊಟ್ಟುಬಿಡುತ್ತಿದ್ದೆ
ಹೋದ ಫೆಬ್ರವರಿಯ ಆ ಬೆಳಗು,
ಹಡಗುಕಟ್ಟೆಯ ಗೋಡೆ, ಇಳಿದ ನೀರು, ಕೆಸರು,
ಬಿಚ್ಚಿ ಜೋಡಿಸಿಟ್ಟಿದ್ದ ನನ್ನ ಚಪ್ಪಲಿ.
ಆದರೆ ಅದರ ಪಕ್ಕದಲ್ಲೇ, ಅಂಟಿಕೊಂಡಂತೆ,
ಪ್ರಹ್ಲಾದನ ಕೊನೆಯ ಬೇಸಿಗೆ ಇದೆ.
ಕ್ಲೀಥಾರ್ಪ್ಸಿನ ದಂಡೆ, ಕಾರೊಳಗೆ ನಾವಿಬ್ಬರು,
ವಿನೆಗರ್ ವಾಸನೆ, ಮಬ್ಬಾದ ಗಾಜು,
ಅದರ ಮೇಲೆ ಬೆರಳಲ್ಲಿ ಅವನು ಬರೆದ ಕೂಡುವ ಲೆಕ್ಕ,
ಎಷ್ಟು ದಿನ ಉಳಿದಿದೆ ಅಂತ. ತಪ್ಪು ಲೆಕ್ಕ.
ಅದನ್ನು ಕೊಡಲಾರೆ. ಅದಿಲ್ಲದೆ ಬದುಕಿದರೂ
ಯಾರು ಬದುಕಿದಂತಾಯಿತು?
ಇದನ್ನು ಕೇಳುತ್ತಿರುವುದು ನಾನೋ, ಹಾವೋ?

ಕಡೆಗೆ ಕೇಳಿದ್ದು ಇಷ್ಟೇ:
ಎರಡನೇ ದರ್ಜೆಯ ಸ್ಟಾಂಪಿನ ಬೆಲೆ ಮರೆಯುತ್ತೇನೆಯೇ?
ಅಡೆಯೆಮಿ ಪೆನ್ನು ಕೆಳಗಿಟ್ಟರು.
ಅದು ಹೇಗೂ ಏರುತ್ತಲೇ ಇರುತ್ತದಲ್ಲ, ಮಿಸೆಸ್ ಪ್ರಹ್ಲಾದ್.
ನನ್ನ ಗಂಟಲಿಂದ ಏನೋ ಒಂದು ಹೊರಟಿತು.
ನಗು ಅಂತ ಬರೆದುಕೊಂಡರು.

ಸಹಿ ಇನ್ನೂ ಹಾಕಿಲ್ಲ.
ಆದರೆ ರಾತ್ರಿ, ರಸೀದಿಯ ಸುರುಳಿ ಬಿಚ್ಚಿ,
ಆ ಕೋಣೆಯಿಂದ ಹೊರಬರುವವಳಿಗೆ ಬರೆಯತೊಡಗಿದೆ:

ಕಸದ ಡಬ್ಬಿ ಗುರುವಾರ.
ಬಾಯ್ಲರು ಕೆಮ್ಮಿದರೆ ಎಡಗಡೆ ಒಮ್ಮೆ ತಟ್ಟು.
ಹಸಿರು ಕೋಟು ನಿನ್ನದೇ.
ಗಾಜಿನ ಮೇಲೆ ಒಬ್ಬ ಲೆಕ್ಕ ಬರೆದಿದ್ದ.
ಏಳಕ್ಕೆ ಒಂಬತ್ತು ಕೂಡಿ ಹದಿನೇಳು ಅಂದ,
ನೀನು ತಿದ್ದಲಿಲ್ಲ.